ಕ್ವಿಕ್ ಹಿಚ್: ಮೊದಲು ಟೇಪು, ಆಮೇಲೆ ಟ್ರ್ಯಾಕ್ಟರ್

ಮಿನಿ ಟ್ರ್ಯಾಕ್ಟರಿಗೆ ಉಪಕರಣ ಸಿಕ್ಕಿಸುವಾಗ ಹೊತ್ತು ತಿನ್ನುವುದು ಯಾವಾಗಲೂ ಎರಡನೇ ಪಿನ್ನು. ಎಡಗಡೆ ತೋಳಿನ ಬಾಲ್ (ತೋಳಿನ ತುದಿಯಲ್ಲಿರುವ, ಪಿನ್ನು ತೂರುವ ತೂತಿನ ಗುಂಡು) ಸರಾಗವಾಗಿ ಕೂರುತ್ತದೆ. ಬಲಗಡೆಯದು ಎರಡು ಬೆರಳಿನಷ್ಟು ಹಿಂದೆ, ಒಂದು ಬೆರಳಿನಷ್ಟು ಮೇಲೆ ನಿಂತಿರುತ್ತದೆ. ಟ್ರ್ಯಾಕ್ಟರನ್ನು ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಮಾಡುವುದು, ಇನ್ನೂರು ಕಿಲೋದ ರೋಟಾವೇಟರಿಗೆ ಹಾರೆ ಕೊಟ್ಟು ಮೀಟುವುದು, ಕೊನೆಗೆ ಟಾಪ್ ಲಿಂಕ್ ಪಿನ್ನಿಗೆ ಸುತ್ತಿಗೆ ಏಟು. ಇದನ್ನು ತಪ್ಪಿಸಲೆಂದೇ ಕ್ವಿಕ್ ಹಿಚ್ ಇರುವುದು. ಮೂರು ಕೊಕ್ಕೆಗಳ ಉಕ್ಕಿನ ಚೌಕಟ್ಟೊಂದು ಟ್ರ್ಯಾಕ್ಟರಿನ ತ್ರೀ ಪಾಯಿಂಟ್ ಲಿಂಕೇಜಿನಲ್ಲೇ (ಎರಡು ಕೆಳತೋಳು, ಮೇಲೊಂದು ಟಾಪ್ ಲಿಂಕ್, ಹೀಗೆ ಮೂರು ಕಡೆ ಉಪಕರಣ ಹಿಡಿಯುವ ಜೋಡಣೆ) ಉಳಿಯುತ್ತದೆ. ಅದನ್ನು ಹಿಂದಕ್ಕೆ ಒಯ್ದು ಮೇಲೆತ್ತಿದರೆ ಉಪಕರಣದ ಮೂರು ಪಿನ್ನುಗಳೂ ಒಂದೇ ಸಲಕ್ಕೆ ಸಿಕ್ಕಿಕೊಳ್ಳಬೇಕು.

ಸಿಕ್ಕಿಕೊಳ್ಳಬೇಕು, ನಿಜ. ಆದರೆ ಚೌಕಟ್ಟಿನ ಕೊಕ್ಕೆಗಳ ನಡುವಿನ ಅಂತರ ಜಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾಗಿ ಬದಲಾಗಬೇಕಾದವು ಉಪಕರಣಗಳೇ. ಶೆಡ್ಡಿನಲ್ಲಿರುವ ಪ್ರತಿಯೊಂದನ್ನೂ ಒಂದೇ ಅಳತೆಗೆ ತರುವ ಕೆಲಸ ಒಮ್ಮೆ ಮುಗಿಸಿದವರಿಗೆ ಈ ಹಿಚ್ಚು ನಿಜಕ್ಕೂ ಕ್ವಿಕ್. ಅಳೆಯದೆ ಕೊಂಡವರಿಗೆ ಅದು ಮೂವತ್ತು ಕಿಲೋದ ಗುಜರಿ.

ಬಗೆಗಳು

ಕ್ವಿಕ್ ಹಿಚ್ ಎಂದಾಗ ಹೆಚ್ಚಿನವರ ಕಣ್ಣಮುಂದೆ ಬರುವುದು ಯು ಚೌಕಟ್ಟು. ತಲೆಕೆಳಗಾದ ಯು ಆಕಾರ, ನೆತ್ತಿಯಲ್ಲಿ ಒಂದು ಕೊಕ್ಕೆ, ಎರಡು ಕಾಲುಗಳ ತುದಿಯಲ್ಲಿ ಲಾಕ್ ಇರುವ ಎರಡು ಕೊಕ್ಕೆ. ನಡುವೆ ತೆರವಿರುವುದರಿಂದ ಪಿಟಿಒ ಶಾಫ್ಟ್ (ಎಂಜಿನ್ನಿನ ತಿರುಗುಬಲವನ್ನು ಉಪಕರಣಕ್ಕೆ ಒಯ್ಯುವ ದಂಡ) ಹಾದುಹೋಗುತ್ತದೆ. ಈ ಬರಹದ ಬಹುಪಾಲು ಇದರ ಬಗ್ಗೆಯೇ.

ಎರಡನೆಯದು ಎ ಚೌಕಟ್ಟು. ಟ್ರ್ಯಾಕ್ಟರಿಗೆ ಒಂದು ತ್ರಿಕೋನ, ಪ್ರತಿ ಉಪಕರಣಕ್ಕೂ ಅದರ ಮೇಲೆ ಟೋಪಿಯಂತೆ ಕೂರುವ ಜೋಡಿ ತ್ರಿಕೋನ. ತುದಿಯಲ್ಲಿ ಒಂದೇ ಲಾಕ್. ಸಿಕ್ಕಿಸುವುದು ಎಲ್ಲಕ್ಕಿಂತ ಸಲೀಸು, ಆದರೆ ಎಷ್ಟು ಉಪಕರಣವೋ ಅಷ್ಟು ತ್ರಿಕೋನ ಬೇಕು.

ಮೂರನೆಯದರಲ್ಲಿ ಚೌಕಟ್ಟೇ ಇಲ್ಲ. ಕೆಳತೋಳುಗಳ ತುದಿಯೇ ಬಾಯಿ ತೆರೆದ ಕೊಕ್ಕೆ. ಬಾಲ್‌ಗಳು ಉಪಕರಣದ ಪಿನ್ನಿನಲ್ಲೇ ಉಳಿದಿರುತ್ತವೆ, ಕೊಕ್ಕೆ ಕೆಳಗಿನಿಂದ ಬಂದು ಅವನ್ನು ಕಚ್ಚುತ್ತದೆ. ಟಾಪ್ ಲಿಂಕನ್ನು ಬೇರೆಯಾಗಿ ಹಾಕಬೇಕು. ಉಪಕರಣ ಹಿಂದಕ್ಕೆ ಅಷ್ಟಾಗಿ ಸರಿಯುವುದಿಲ್ಲ, ಮಾಸ್ಟಿನ (ಉಪಕರಣದ ಮೇಲ್ಪಿನ್ನನ್ನು ಹೊತ್ತು ನಿಂತ ಭಾಗದ) ಎತ್ತರ ಎಷ್ಟಿದ್ದರೂ ನಡೆಯುತ್ತದೆ. ಐದು ತಯಾರಕರ ಐದು ಉಪಕರಣ ಇಟ್ಟುಕೊಂಡವರಿಗೆ ಯು ಚೌಕಟ್ಟಿಗಿಂತ ಇದೇ ವಾಸಿ.

ಕೆಳತೋಳುಗಳ ತುದಿ ಹೊರಕ್ಕೆ ಜಾರಿ ಬರುವಂಥ ಟ್ರ್ಯಾಕ್ಟರುಗಳೂ ಇವೆ. ಲಾಕ್ ಒತ್ತಿ ತುದಿಯನ್ನು ಎಳೆದು ಪಿನ್ನಿಗೆ ಹಾಕಿ, ಟ್ರ್ಯಾಕ್ಟರನ್ನು ನಿಧಾನಕ್ಕೆ ಹಿಂದೆ ಬಿಟ್ಟರೆ ಟಕ್ ಎಂದು ಒಳಗೆ ಸೇರಿಕೊಳ್ಳುತ್ತದೆ. ಇಂಥ ತೋಳುಗಳಿದ್ದು, ತಿಂಗಳಿಗೆರಡು ಸಲ ಮಾತ್ರ ಉಪಕರಣ ಬದಲಿಸುವವರಾದರೆ ಬೇರೆ ಹಿಚ್ಚಿನ ಅಗತ್ಯವೇ ಇಲ್ಲ.

ಅಳತೆ: ಇಲ್ಲೇ ಗೆಲ್ಲುವುದು, ಇಲ್ಲೇ ಸೋಲುವುದು

ತ್ರೀ ಪಾಯಿಂಟ್ ಲಿಂಕೇಜನ್ನು ಕೆಟಗರಿಗಳಾಗಿ ವಿಂಗಡಿಸಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 730. ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೆಚ್ಚಾಗಿ ಕಾಣುವುದು ಕೆಟಗರಿ 1: ಕೆಳಪಿನ್ನು 22 ಮಿ.ಮೀ. ದಪ್ಪ, ಮೇಲ್ಪಿನ್ನು 19 ಮಿ.ಮೀ., ಎರಡು ಕೆಳಪಿನ್ನುಗಳ ಭುಜದಿಂದ ಭುಜಕ್ಕೆ 683 ಮಿ.ಮೀ. ಇನ್ನೂ ಚಿಕ್ಕವುಗಳಲ್ಲಿ ಕೆಟಗರಿ 1ಎನ್ ಇರುತ್ತದೆ. ಅದರ ಪಿನ್ನು ಅಷ್ಟೇ ದಪ್ಪ, ಆದರೆ ಅಂತರ 400 ಮಿ.ಮೀ. ಮಾತ್ರ. ಪಿನ್ನಿನ ದಪ್ಪವೊಂದನ್ನೇ ನೋಡಿ ಕೆಟಗರಿ 1 ಎಂದುಕೊಂಡು ಹಿಚ್ ತಂದರೆ ಮೋಸ ಹೋಗುವುದು ಇಲ್ಲೇ. ಕೆಟಗರಿ 2ರಲ್ಲಿ ಕೆಳಪಿನ್ನು 28, ಮೇಲ್ಪಿನ್ನು 25, ಅಂತರ 825 ಮಿ.ಮೀ.

ಈಗ ಉಪಕರಣವನ್ನು ಮಟ್ಟಸವಾದ ನೆಲದ ಮೇಲೆ, ಕೆಲಸದ ಭಂಗಿಯಲ್ಲಿ ನಿಲ್ಲಿಸಿ. ಐದು ಅಳತೆ ಬೇಕು.

ಮೊದಲನೆಯದು ಮಾಸ್ಟಿನ ಎತ್ತರ. ಎರಡು ಕೆಳಪಿನ್ನುಗಳ ನಡುಮಧ್ಯವನ್ನು ಸೇರಿಸುವ ಗೆರೆಯಿಂದ ಮೇಲ್ಪಿನ್ನಿನ ನಡುಮಧ್ಯಕ್ಕೆ ನೇರ ಲಂಬದಲ್ಲಿ ಎಷ್ಟು? ಕೆಟಗರಿ 1ರ ಉಪಕರಣಕ್ಕೆ ಐಎಸ್ಒ ಹೇಳುವುದು 460 ಮಿ.ಮೀ. ಯು ಚೌಕಟ್ಟಿನ ಹಿಚ್ಚುಗಳಲ್ಲಿ ಅಮೆರಿಕದಿಂದ ರೂಢಿಗೆ ಬಂದ ಅಂತರ 15 ಇಂಚು, ಅಂದರೆ 381 ಮಿ.ಮೀ. ಹೆಚ್ಚೂಕಡಿಮೆ 80 ಮಿ.ಮೀ. ವ್ಯತ್ಯಾಸ. ಉಪಕರಣದ ಮೇಲೆ ಕೆಟಗರಿ 1 ಎಂದು ಬರೆದಿದೆ, ಹಿಚ್ಚಿನ ಮೇಲೂ ಅದೇ ಇದೆ, ಆದರೂ ಕೂರುವುದಿಲ್ಲ ಎಂಬ ದೂರಿನ ಬೇರು ಇದೇ. ಮಾಸ್ಟಿನಲ್ಲಿ ಎರಡು ಮೂರು ತೂತುಗಳಿದ್ದರೆ ಕೆಳಗಿನದು ಹೊಂದಬಹುದು. ಮೇಲಿನ ಕೊಕ್ಕೆಯನ್ನು ಎರಡು ಮೂರು ಎತ್ತರಗಳಲ್ಲಿ ಬೋಲ್ಟ್ ಮಾಡುವಂಥ ಹಿಚ್ಚುಗಳೂ ಇವೆ. ಬೆರಕೆ ಉಪಕರಣಗಳಿರುವವರು ಅಂಥದ್ದನ್ನೇ ಕೊಳ್ಳಬೇಕು. ಎರಡೂ ಇಲ್ಲವಾದರೆ ಮಾಸ್ಟಿಗೆ 10ರಿಂದ 12 ಮಿ.ಮೀ. ದಪ್ಪದ ಎರಡು ಪ್ಲೇಟು ಬೆಸೆದು ಹೊಸ ತೂತು ಮಾಡಿಸಬೇಕು. ಉಪಕರಣದ ಭಾರ, ಉಳುವಾಗಿನ ಹೊಡೆತ ಎಲ್ಲವೂ ಆ ಬೆಸುಗೆಯ ಮೇಲೆ ಬೀಳುತ್ತವೆ. ಗೇಟು ಬೆಸೆಯುವ ಕೈಗೆ ಕೊಡುವ ಕೆಲಸವಲ್ಲ.

ಎರಡನೆಯದು, ಮೇಲ್ಪಿನ್ನು ಹಿಂದುಮುಂದಾಗಿ ಎಲ್ಲಿದೆ ಎಂಬುದು. ಅದು ಹೆಚ್ಚೂಕಡಿಮೆ ಕೆಳಪಿನ್ನುಗಳ ನೆತ್ತಿಯ ಮೇಲೇ ಇರಬೇಕು. ಬಹಳ ಹಿಂದೆ ಇದ್ದರೆ ಟಾಪ್ ಲಿಂಕನ್ನು ಎಷ್ಟು ಉದ್ದ ಮಾಡಿದರೂ ಸಾಲದೆ, ಕೆಳಕೊಕ್ಕೆಗಳು ಓರೆಯಾಗಿ ನಿಲ್ಲುತ್ತವೆ.

ಮೂರನೆಯದು ಮಾಸ್ಟಿನ ಎರಡು ಪ್ಲೇಟುಗಳ ನಡುವಿನ ಸಂದು. ಮೇಲಿನ ಕೊಕ್ಕೆ ಆ ಸಂದಿನಲ್ಲಿ ತೂರಿ ಪಿನ್ನನ್ನು ಹಿಡಿಯಬೇಕು. ಟಾಪ್ ಲಿಂಕ್ ಬಾಲಿಗಾಗಿ ಬಿಟ್ಟ ಸಂದು ಕೆಟಗರಿ 1ರಲ್ಲಿ ಸುಮಾರು 45 ಮಿ.ಮೀ. ಕೊಕ್ಕೆಯ ದಪ್ಪ ಅದಕ್ಕಿಂತ ಕಡಿಮೆ ಇರಬೇಕಷ್ಟೇ ಅಲ್ಲ, ಪಿನ್ನಿನ ಕೆಳಗೆ ಕೊಕ್ಕೆಯ ಮೂತಿ ಬಂದು ನಿಲ್ಲಲು ಜಾಗವೂ ಬೇಕು. ಪಿನ್ನಿನ ಬುಡದಲ್ಲೇ ಅಡ್ಡಪಟ್ಟಿ ಬೆಸೆದ ಮಾಸ್ಟುಗಳಿಗೆ ಕೊಕ್ಕೆ ಹೋಗುವುದೇ ಇಲ್ಲ.

ನಾಲ್ಕನೆಯದು ಕೆಳಪಿನ್ನುಗಳ ಸುತ್ತಲಿನ ತೆರವು. ಸ್ಟ್ಯಾಂಡಿನ ಕಾಲು, ಗಟ್ಟಿಯಾಗಲೆಂದು ಕೊಟ್ಟ ಓರೆಪಟ್ಟಿ, ರೋಟಾವೇಟರಿನ ಗೇರ್ ಬಾಕ್ಸಿನ ಆಧಾರ, ಹೀಗೆ ಏನಾದರೊಂದು ಕೊಕ್ಕೆಯ ದಾರಿಗೆ ಅಡ್ಡವಿರುತ್ತದೆ. ರಟ್ಟಿನಲ್ಲಿ ಕೊಕ್ಕೆಯ ಆಕಾರ ಕತ್ತರಿಸಿ ಪಿನ್ನಿಗೆ ಹಿಡಿದು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಐದನೆಯದನ್ನು ಎಲ್ಲರೂ ಮರೆಯುತ್ತಾರೆ: ನಿಲ್ಲಿಸಿಟ್ಟಾಗ ಕೆಳಪಿನ್ನು ನೆಲದಿಂದ ಎಷ್ಟು ಎತ್ತರದಲ್ಲಿದೆ? ಕೊಕ್ಕೆ ಪಿನ್ನಿನ ಕೆಳಗೆ ಹೋಗಿ ಮೇಲೇಳಬೇಕು. ಚೌಕಟ್ಟಿನ ಕಾಲು ಕೊಕ್ಕೆಯಿಂದಲೂ ಕೆಳಗೆ ಇಳಿದಿರುತ್ತದೆ. ಮೆತ್ತನೆ ಮಣ್ಣಿನಲ್ಲಿ ಹೂತು ನಿಂತ ಲೆವೆಲಿಂಗ್ ಬ್ಲೇಡಿನ ಪಿನ್ನುಗಳ ಕೆಳಗೆ ತೂರಲು ಹೋದರೆ ಹಿಚ್ಚಿನ ಕಾಲೇ ನೆಲ ಕೆರೆಯುತ್ತದೆ. ಪರಿಹಾರ ಸುಲಭ: ಉಪಕರಣವನ್ನು ಯಾವತ್ತೂ ದಪ್ಪ ಹಲಗೆಯ ಮೇಲೋ ಮರದ ದಿಮ್ಮಿಗಳ ಮೇಲೋ ಇಳಿಸಿ.

ಇನ್ನು ಬುಶ್‌ಗಳು. ಕೊಕ್ಕೆಯ ಬಾಯಿ ಪಿನ್ನಿಗಿಂತ ಅಗಲ. ನಡುವಿನ ಜಾಗವನ್ನು ಉಕ್ಕಿನ ಬುಶ್, ಅಂದರೆ ಪಿನ್ನಿಗೆ ತೊಡಿಸುವ ಗಿಡ್ಡ ಕೊಳವೆ, ತುಂಬುತ್ತದೆ. ಕೆಟಗರಿ 1ಕ್ಕೆ ಕೆಳಪಿನ್ನಿನ ಬುಶ್ಶಿನ ಹೊರ ವ್ಯಾಸ ಸುಮಾರು 36.5 ಮಿ.ಮೀ., ಮೇಲ್ಪಿನ್ನಿನದು ಸುಮಾರು 32. ಒಂದು ಉಪಕರಣಕ್ಕೆ ಎರಡು ಕೆಳಗಿನವು, ಒಂದು ಮೇಲಿನದು. ನಾಲ್ಕು ಉಪಕರಣವಿದ್ದರೆ ನಾಲ್ಕು ಜೊತೆ ಕೊಂಡು, ಆಯಾ ಪಿನ್ನಿನಲ್ಲೇ ಲಿಂಚ್ ಪಿನ್ (ಕಳಚಿಬೀಳದಂತೆ ತುದಿಗೆ ಚುಚ್ಚುವ ಸಣ್ಣ ಪಿನ್ನು) ಹಾಕಿ ಬಿಟ್ಟುಬಿಡಿ. ಒಂದೇ ಜೊತೆಯನ್ನು ಕಿತ್ತು ಕಿತ್ತು ಹಾಕುವುದಾದರೆ ಉಳಿಸಿದ ಹೊತ್ತೆಲ್ಲ ಅದಕ್ಕೇ ಹೋಯಿತು. ಬುಶ್ ಇಲ್ಲದೆ ಬರಿಯ 22 ಮಿ.ಮೀ. ಪಿನ್ನನ್ನೇ ಕೊಕ್ಕೆಗೆ ಕೂರಿಸಿ ಕೆಲಸ ಮಾಡುವವರೂ ಇದ್ದಾರೆ. ಪಿನ್ನು ಬಾಯಿಯೊಳಗೆ ಕುಣಿಯುತ್ತದೆ, ಲಾಕಿನ ನಾಲಿಗೆ ಹಿಡಿಯಬೇಕಾದ ಕಡೆ ಹಿಡಿಯುವುದಿಲ್ಲ, ಉಬ್ಬುತಗ್ಗಿನಲ್ಲಿ ಒಂದು ಜಿಗಿತಕ್ಕೆ ಹೊರಗೆ ಬರಬಹುದು.

ಹೊಂದದ ಉಪಕರಣಗಳು

ಗುಂಡಿ ತೋಡುವ ಆಗರ್ ಯು ಚೌಕಟ್ಟಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಅದರ ಉದ್ದ ಬೂಮಿನ ತುದಿ ಟ್ರ್ಯಾಕ್ಟರಿನ ಟಾಪ್ ಲಿಂಕ್ ಬ್ರಾಕೆಟ್ಟಿಗೇ ನೇರವಾಗಿ ಸೇರುತ್ತದೆ, ನಡುವೆ ಚೌಕಟ್ಟಿಗೆ ಜಾಗವಿಲ್ಲ. ಲಿಂಕೇಜಿಗೆ ಕಟ್ಟುವ ಬ್ಯಾಕ್‌ಹೋ (ನೆಲ ಅಗೆಯುವ ಯಾಂತ್ರಿಕ ತೋಳು) ಅಂತೂ ಬೇಡವೇ ಬೇಡ, ಅದರ ಎಳೆತ ನೂಕುಗಳನ್ನು ತಡೆಯಲು ಈ ಕೊಕ್ಕೆಗಳನ್ನು ಮಾಡಿಲ್ಲ. ಪೊದೆ ಕತ್ತರಿಸುವ ರೋಟರಿ ಕಟರಿನಲ್ಲಿ ಮಾಸ್ಟಿನ ಮೇಲ್ತುದಿ ಹಿಂದೆ ಮುಂದೆ ಓಲಾಡುವಂತೆ ಇರುತ್ತದೆ, ನೆಲದ ಏರಿಳಿತಕ್ಕೆ ತಕ್ಕಂತೆ ಕಟರ್ ತೇಲಲಿ ಎಂದು. ಹಿಚ್ ಹಾಕಿದ ಮೇಲೂ ಆ ಓಲಾಟ ಉಳಿದಿದೆಯೇ ನೋಡಿಕೊಳ್ಳಿ. ಓಲಾಡುವ ತುದಿ ಕೊಕ್ಕೆಯ ಮುಂದಿನಿಂದ ಜಾರಿಹೋಗುತ್ತಿದ್ದರೆ, ಸಿಕ್ಕಿಸುವ ಹೊತ್ತಿಗೆ ಮಾತ್ರ ಅದನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಬಹುದು.

ಡ್ರಾಬಾರಿಗೆ (ಟ್ರ್ಯಾಕ್ಟರಿನ ಹಿಂದಿನ ಎಳೆಪಟ್ಟಿಗೆ) ಟ್ರೈಲರ್ ಕಟ್ಟುವ ದಿನ ಹಿಚ್ಚನ್ನು ತೆಗೆದಿಡುವುದೇ ಸರಿ. ತೀಕ್ಷ್ಣ ತಿರುವಿನಲ್ಲಿ ಟ್ರೈಲರಿನ ಮೂತಿ ಚೌಕಟ್ಟಿನ ಕಾಲಿಗೆ ಬಡಿಯುತ್ತದೆ.

ಹಿಚ್ಚನ್ನು ಟ್ರ್ಯಾಕ್ಟರಿಗೆ ಕೂರಿಸುವುದು

ಚೌಕಟ್ಟನ್ನು ಗೋಡೆಗೋ ಸ್ಟ್ಯಾಂಡಿಗೋ ನೆಟ್ಟಗೆ ಆನಿಸಿ ಟ್ರ್ಯಾಕ್ಟರನ್ನು ಹಿಂದಕ್ಕೆ ತನ್ನಿ, ಎಂಜಿನ್ ಆರಿಸಿ. ಎರಡು ಕೆಳತೋಳುಗಳ ಬಾಲನ್ನು ಚೌಕಟ್ಟಿನ ಪಿನ್ನುಗಳಿಗೆ ಹಾಕಿ ಲಿಂಚ್ ಪಿನ್ ಚುಚ್ಚಿ. ಟಾಪ್ ಲಿಂಕನ್ನು ಚೌಕಟ್ಟಿನ ಮೇಲಿನ ಬ್ರಾಕೆಟ್ಟಿಗೆ ಸೇರಿಸಿ. ಆಮೇಲೆ ಮೂರು ಹೊಂದಾಣಿಕೆ.

ಮಟ್ಟ: ಎರಡು ಕೆಳಕೊಕ್ಕೆಗಳು ನೆಲದಿಂದ ಒಂದೇ ಎತ್ತರದಲ್ಲಿರಬೇಕು. ಮಟ್ಟಸ ನೆಲದಲ್ಲಿ ಟೇಪು ಹಿಡಿದು ನೋಡಿ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬಲಗಡೆಯ ಲಿಫ್ಟ್ ರಾಡನ್ನು (ಕೆಳತೋಳನ್ನು ಮೇಲೆತ್ತುವ ಸರಳನ್ನು) ತಿರುಗಿಸಿ ಏರಿಸಬಹುದು, ಇಳಿಸಬಹುದು. ಹಿಂದಿನ ಎರಡು ಟೈರುಗಳ ಗಾಳಿಯನ್ನೂ ಇದೇ ಹೊತ್ತಿಗೆ ಸಮ ಮಾಡಿಕೊಳ್ಳಿ. ಒಂದರಲ್ಲಿ ಗಾಳಿ ಕಡಿಮೆ ಇದ್ದರೆ ರಾಡ್ ಎಷ್ಟು ತಿರುಗಿಸಿದರೂ ನಾಳೆ ಮತ್ತೆ ಓರೆ.

ಅಡ್ಡ ಅಲುಗಾಟ: ಚೆಕ್ ಚೈನ್ ಅಥವಾ ಸ್ಟೆಬಿಲೈಜರುಗಳಿಂದ ಚೌಕಟ್ಟನ್ನು ಟ್ರ್ಯಾಕ್ಟರಿನ ನಡುಗೆರೆಗೆ ತನ್ನಿ. ತೀರಾ ಬಿಗಿ ಮಾಡಿದರೆ ತೋಳುಗಳು ಎತ್ತುವಾಗ ಬಿಗಿಹಿಡಿಯುತ್ತವೆ, ಕೊಕ್ಕೆ ತನ್ನಷ್ಟಕ್ಕೆ ಪಿನ್ನಿನ ಕಡೆ ಸರಿದುಕೊಳ್ಳಲು ಎಡೆಯೇ ಇರುವುದಿಲ್ಲ. ತೀರಾ ಸಡಿಲ ಬಿಟ್ಟರೆ ಹಿಂದೆ ಬರುವಾಗ ಚೌಕಟ್ಟು ಲೋಲಕದಂತೆ ತೂಗುತ್ತದೆ. ಕೈಯಲ್ಲಿ ತಳ್ಳಿದರೆ ಒಂದೆರಡು ಬೆರಳಿನಷ್ಟು ಅಲುಗುವಂತಿರಲಿ.

ಬಾಗು: ಟಾಪ್ ಲಿಂಕನ್ನು ತಿರುಗಿಸಿ, ಕೆಳಕೊಕ್ಕೆ ಪಿನ್ನಿನ ಎತ್ತರಕ್ಕೆ ಬಂದಾಗ ಚೌಕಟ್ಟು ಲಂಬವಾಗಿ, ಅಥವಾ ನೆತ್ತಿ ಒಂದಿಷ್ಟು ಉಪಕರಣದ ಕಡೆ ವಾಲಿರುವಂತೆ ಮಾಡಿ. ಮೇಲಿನ ಕೊಕ್ಕೆ ಮೊದಲು ಹಿಡಿಯಬೇಕು ಎಂಬುದೇ ಇದರ ಗುಟ್ಟು. ಉಪಕರಣದ ಭಾರದ ಕೇಂದ್ರ ಮಾಸ್ಟಿನ ಹಿಂದೆ ಇರುತ್ತದೆ. ಮೇಲ್ಪಿನ್ನಿನಿಂದ ನೇತುಹಾಕಿದ ಕೂಡಲೇ ಅದರ ಬುಡ ಟ್ರ್ಯಾಕ್ಟರಿನ ಕಡೆ ತೂಗಿಬರುತ್ತದೆ, ಕೆಳಪಿನ್ನುಗಳು ತಾವಾಗಿಯೇ ಕೊಕ್ಕೆಯ ಬಾಯಿಗೆ ಬೀಳುತ್ತವೆ. ಕೆಳಗಿನವು ಮೊದಲು ಹಿಡಿದರೆ ಈ ಸಹಾಯ ಸಿಗುವುದಿಲ್ಲ.

ಸಿಕ್ಕಿಸುವ ಕ್ರಮ

ಪಿಟಿಒ ಬಿಡಿಸಿದೆಯೇ, ಎಳೆತಕ್ಕೆ ತಕ್ಕಂತೆ ತೋಳನ್ನು ಏರಿಳಿಸುವ ಡ್ರಾಫ್ಟ್ ಕಂಟ್ರೋಲ್ ಬಿಟ್ಟು, ಇಟ್ಟ ಎತ್ತರದಲ್ಲೇ ನಿಲ್ಲಿಸುವ ಪೊಸಿಷನ್ ಕಂಟ್ರೋಲ್ ಲಿವರಿನಲ್ಲಿ ಕೆಲಸ ಮಾಡುತ್ತಿದ್ದೀರೇ ನೋಡಿ. ಹಿಚ್ಚಿನ ಎರಡೂ ಲಾಕುಗಳನ್ನು ತೆರೆದ ಸ್ಥಿತಿಗೆ ತನ್ನಿ. ಉಪಕರಣದ ಪಿಟಿಒ ಶಾಫ್ಟನ್ನು ಪಕ್ಕಕ್ಕೆ, ಅದರ ಕೊಂಡಿಗೆ ತೂಗುಹಾಕಿ. ನೆಲದಲ್ಲಿ ಬಿದ್ದಿದ್ದರೆ ಹಿಚ್ಚಿನ ಕಾಲಿನಡಿ ಸಿಕ್ಕಿ ಗಾರ್ಡು, ಅಂದರೆ ಶಾಫ್ಟಿನ ಹೊರ ಹೊದಿಕೆ, ಒಡೆಯುತ್ತದೆ.

ಉಪಕರಣದ ನಡುಗೆರೆಗೆ ನೇರವಾಗಿ, ಕನಿಷ್ಠ ಮೂರು ನಾಲ್ಕು ಮೀಟರ್ ದೂರದಿಂದಲೇ ಚಕ್ರ ನೆಟ್ಟಗೆ ಮಾಡಿಕೊಂಡು ಹಿಂದೆ ಬನ್ನಿ. ಕೊನೆಯ ಅರ್ಧ ಮೀಟರಿನಲ್ಲಿ ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋದರೆ ಒಂದು ಕೊಕ್ಕೆ ಮುಂದೆ, ಒಂದು ಹಿಂದೆ ಆಗುವುದು ಖಚಿತ. ಅಂಥ ಹೊತ್ತಿನಲ್ಲಿ ಮುಂದೆ ಹೋಗಿ ಹೊಸದಾಗಿ ಬರುವುದೇ ಬೇಗ ಮುಗಿಯುತ್ತದೆ. ಮೇಲಿನ ಕೊಕ್ಕೆ ಮೇಲ್ಪಿನ್ನಿಗಿಂತ ಕೆಳಗಿರುವಷ್ಟು ಲಿಂಕೇಜ್ ಇಳಿಸಿಕೊಳ್ಳಿ. ಸೀಟಿನಿಂದ ತಿರುಗಿ ನೋಡಿದರೆ ಚೆನ್ನಾಗಿ ಕಾಣುವುದು ಮೇಲಿನ ಕೊಕ್ಕೆ ಒಂದೇ, ಹಾಗಾಗಿ ಅದನ್ನೇ ಗುರಿ ಮಾಡಿ.

ಕೊಕ್ಕೆ ಪಿನ್ನಿನ ಕೆಳಗೆ ಬಂದಾಗ ನಿಲ್ಲಿಸಿ, ನಿಧಾನಕ್ಕೆ ಎತ್ತಿ. ಮೇಲ್ಪಿನ್ನು ಕೂರುತ್ತದೆ, ಉಪಕರಣದ ಮೂತಿ ಮೇಲೇಳುತ್ತದೆ, ಕೆಳಪಿನ್ನುಗಳು ಒಳಗೆ ಬೀಳುವ ಎರಡು ಸದ್ದು ಕೇಳುತ್ತದೆ. ನೆಲದಿಂದ 100ರಿಂದ 150 ಮಿ.ಮೀ. ಎತ್ತಿ ನಿಲ್ಲಿಸಿ. ತಾನಾಗಿ ಬೀಳುವ ಲಾಕ್ ಇಲ್ಲದಿದ್ದರೆ ಲಿವರುಗಳನ್ನು ಒತ್ತಿ ಲಾಕ್ ಮಾಡಿ, ಸುರಕ್ಷಾ ಪಿನ್ ಇದ್ದರೆ ಹಾಕಿ.

ಸದ್ದನ್ನು ನಂಬಿ ಹೊರಡಬೇಡಿ. ಉಪಕರಣವನ್ನು ಮತ್ತೆ ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಇಳಿದು ಎರಡೂ ಬದಿಯಿಂದ ನೋಡಿ: ಬುಶ್ ಕೊಕ್ಕೆಯ ತಳಕ್ಕೆ ಕೂತಿದೆಯೇ, ಲಾಕಿನ ನಾಲಿಗೆ ಬುಶ್ಶಿನ ಮೇಲೆ ಬಂದಿದೆಯೇ? ಒಂದು ಬದಿ ಮಾತ್ರ ಲಾಕ್ ಆದ ಉಪಕರಣವೂ ಅಂಗಳದಲ್ಲಿ ಚೆನ್ನಾಗಿಯೇ ಮೇಲೇಳುತ್ತದೆ. ಬೀಳುವುದು ಹೊಲದ ಬದು ದಾಟುವಾಗ. ಟ್ರ್ಯಾಕ್ಟರ್ ಹಿಂದೆ ಬರುತ್ತಿರುವಾಗ ನಡುವೆ ಯಾರೂ ನಿಲ್ಲಬಾರದು, ದಾರಿ ತೋರಿಸುವವರೂ ಪಕ್ಕದಲ್ಲಿ ದೂರ ನಿಲ್ಲಬೇಕು. ಚಾಲಕನಿಗೆ ಇಳಿಯದೆ ಸಿಕ್ಕಿಸುವ ಅನುಕೂಲವಾಗಲಿ, ನಡುವೆ ನಿಂತು ಕೈಯಾಡಿಸುವ ಅಪಾಯ ತಪ್ಪಲಿ ಎಂದೇ ಈ ಚೌಕಟ್ಟು ಕೊಂಡದ್ದು ತಾನೇ?

ಪಿಟಿಒ ಶಾಫ್ಟ್: ಯಾರೂ ಹೇಳದ ಖರ್ಚು

ಹಿಚ್ ಎಷ್ಟೇ ಕ್ವಿಕ್ ಆದರೂ ಪಿಟಿಒ ಶಾಫ್ಟನ್ನು ಕೈಯಿಂದಲೇ ಹಾಕಬೇಕು. ಜೊತೆಗೆ ಚೌಕಟ್ಟಿನ ದಪ್ಪದಷ್ಟು, ಸಾಮಾನ್ಯವಾಗಿ 100 ಮಿ.ಮೀ. ಆಸುಪಾಸು, ಕೆಲವದರಲ್ಲಿ ಇನ್ನೂ ಹೆಚ್ಚು, ಉಪಕರಣ ಹಿಂದಕ್ಕೆ ಸರಿದಿರುತ್ತದೆ. ಹಳೆಯ ಶಾಫ್ಟ್ ಈಗಲೂ ಎರಡು ಕಡೆ ಮುಟ್ಟುತ್ತದೆ, ಆದ್ದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಒಳಗಿನ ಕೊಳವೆ ಹೊರಗಿನದರೊಳಗೆ ಎಷ್ಟು ಉಳಿದಿದೆ ಎಂಬುದು ಗಾರ್ಡಿನ ಮರೆಯಲ್ಲಿ ಕಾಣುವುದಿಲ್ಲ.

ಕೆಲಸದ ಸ್ಥಿತಿಯಲ್ಲಿ ಕೊಳವೆಗಳು ಒಂದರೊಳಗೊಂದು ತಮ್ಮ ಉದ್ದದ ಮೂರನೇ ಒಂದು ಭಾಗವಾದರೂ ಕೂಡಿರಬೇಕು. ಕೊಳವೆ 600 ಮಿ.ಮೀ. ಉದ್ದವಿದ್ದರೆ 200 ಮಿ.ಮೀ. ಹಿಚ್ ಇಲ್ಲದಾಗ 260 ಇತ್ತೆಂದುಕೊಳ್ಳಿ, ಈಗ 160 ಉಳಿಯಿತು. ಸಾಲದು. ಕೂಡಿಕೆ ಕಡಿಮೆಯಾದಷ್ಟೂ ಕೊಳವೆಗಳು ಬಾಗುತ್ತವೆ, ನಡುಗುತ್ತವೆ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು, ಆ ವೇಗದಲ್ಲಿ ಎರಡೂ ಬೇರ್ಪಟ್ಟರೆ ಟ್ರ್ಯಾಕ್ಟರಿನ ಕಡೆ ಉಳಿದ ತುಂಡು ಚಾಟಿಯಂತೆ ಬೀಸುತ್ತದೆ.

ಅಳೆಯುವುದು ಹೀಗೆ. ಎಂಜಿನ್ ಆರಿಸಿ, ಕೀಲಿ ತೆಗೆದು, ಉಪಕರಣವನ್ನು ಕೆಲಸದ ಎತ್ತರಕ್ಕೆ ಬಿಟ್ಟು ಶಾಫ್ಟ್ ಜೋಡಿಸಿ. ಒಳಗಾರ್ಡಿನ ಮೇಲೆ, ಹೊರಗಾರ್ಡಿನ ಅಂಚಿಗೆ ಸರಿಯಾಗಿ ಬಣ್ಣದ ಗೆರೆ ಎಳೆಯಿರಿ. ಆಮೇಲೆ ತೀರಾ ಕೆಳಗೆ ಮತ್ತು ತೀರಾ ಮೇಲೆ ಎರಡು ಸ್ಥಿತಿಗಳಲ್ಲೂ ಎಂಜಿನ್ ಆರಿಸಿಯೇ ಗೆರೆ ಹಾಕಿ. ಶಾಫ್ಟ್ ಬಿಡಿಸಿ, ಎರಡೂ ಭಾಗಗಳನ್ನು ಪಕ್ಕದಲ್ಲಿಟ್ಟು ಕೂಡಿಕೆ ಎಷ್ಟೆಂದು ಲೆಕ್ಕ ಹಾಕಿ. ಅತಿ ಗಿಡ್ಡವಾಗುವ ಸ್ಥಿತಿಯಲ್ಲೂ ಕೊಳವೆಯ ತುದಿಗೂ ತಳಕ್ಕೂ 25 ಮಿ.ಮೀ. ಬಿಡುವು ಇರಲೇಬೇಕು, ಇಲ್ಲವಾದರೆ ಶಾಫ್ಟ್ ಗೇರ್ ಬಾಕ್ಸಿಗೆ ಗುದ್ದಿ ಬೇರಿಂಗ್ ಹಾಳುಮಾಡುತ್ತದೆ.

ಕೂಡಿಕೆ ಸಾಲದಿದ್ದರೆ ಉದ್ದದ ಶಾಫ್ಟ್ ಕೊಳ್ಳಿ, ಅಥವಾ ಉದ್ದದ ಕೊಳವೆಗಳನ್ನೂ ಗಾರ್ಡನ್ನೂ ಹಾಕಿಸಿ. ಪಿಟಿಒ ಮೂತಿಗೆ ಸಿಕ್ಕಿಸುವ ಗಿಡ್ಡ ಎಕ್ಸ್‌ಟೆನ್ಷನ್ ತುಂಡಿನ ಗೋಜಿಗೆ ಹೋಗದಿರುವುದು ಒಳ್ಳೆಯದು: ಅದು ಬೇರಿಂಗಿನಿಂದ ಆಚೆ ಚಾಚಿ ನಿಂತು ಟ್ರ್ಯಾಕ್ಟರಿನ ಶಾಫ್ಟಿನ ಮೇಲೆ ಬಾಗುವ ಹೊರೆ ಹಾಕುತ್ತದೆ, ಮಾಸ್ಟರ್ ಗಾರ್ಡಿನ (ಪಿಟಿಒ ಮೂತಿಗೆ ಟ್ರ್ಯಾಕ್ಟರಿನಲ್ಲೇ ಇರುವ ರಕ್ಷೆಯ) ಹೊರಗೂ ಬರುತ್ತದೆ. ಉದ್ದದ ಶಾಫ್ಟಿನಿಂದ ಒಂದು ಲಾಭವೂ ಉಂಟು. ಅಷ್ಟೇ ಎತ್ತರಕ್ಕೆ ಎತ್ತಿದಾಗ ಯೂನಿವರ್ಸಲ್ ಜಾಯಿಂಟಿನ ಕೋನ ಮೊದಲಿಗಿಂತ ತುಸು ಕಡಿಮೆ.

ಸಣ್ಣ ಟ್ರ್ಯಾಕ್ಟರುಗಳ ಪಿಟಿಒ ಸಾಮಾನ್ಯವಾಗಿ 35 ಮಿ.ಮೀ. ದಪ್ಪದ, ಆರು ಹಲ್ಲಿನದು. ಚೌಕಟ್ಟಿನ ಒಳಗಿಂದ ಕೈ ತೂರಿಸಿ ಲಾಕ್ ಗುಂಡಿ ಒತ್ತಿ, ಹಲ್ಲು ಸೇರದಿದ್ದರೆ ಶಾಫ್ಟನ್ನು ಕೈಯಿಂದ ತುಸು ತಿರುಗಿಸಿ ಒಳಗೆ ತಳ್ಳಿ. ಗುಂಡಿ ಟಕ್ ಎಂದು ಹೊರಬಂದ ಮೇಲೆ ಹಿಂದಕ್ಕೆ ಜಗ್ಗಿ ನೋಡಿ. ಗಾರ್ಡಿನ ಸರಪಳಿಯನ್ನು ತಿರುಗದ ಜಾಗಕ್ಕೆ ಸಿಕ್ಕಿಸಿ. ಉಪಕರಣವನ್ನು ಪೂರ್ತಿ ಎತ್ತಿದಾಗ ಗಾರ್ಡು ಚೌಕಟ್ಟಿನ ನೆತ್ತಿಗೆ ಉಜ್ಜುತ್ತಿದ್ದರೆ ಲಿಫ್ಟಿನ ಎತ್ತರಕ್ಕೆ ಮಿತಿ ಹಾಕಿ.

ತೂಕದ ಲೆಕ್ಕ

100 ಮಿ.ಮೀ. ಹಿಂದೆ ಸರಿದರೆ ಏನು ಮಹಾ? ಒಂದು ಉದಾಹರಣೆ ನೋಡೋಣ. ಟ್ರ್ಯಾಕ್ಟರ್ 1,100 ಕಿಲೋ, ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 440. ಮುಂದಿನ ಹಾಗೂ ಹಿಂದಿನ ಆಕ್ಸಲುಗಳ ನಡುವಿನ ಅಂತರ 1,500 ಮಿ.ಮೀ., ಹಿಂದಿನ ಆಕ್ಸಲಿನಿಂದ ತೋಳಿನ ತುದಿಗೆ 700. ಉಪಕರಣ 250 ಕಿಲೋ, ಅದರ ಭಾರದ ಕೇಂದ್ರ ಪಿನ್ನಿನಿಂದ 600 ಮಿ.ಮೀ. ಹಿಂದೆ.

ಹಿಚ್ ಇಲ್ಲದಾಗ ಮುಂದಿನ ಆಕ್ಸಲಿನಿಂದ ಹಗುರಾಗುವುದು 250 × 1,300 ÷ 1,500, ಅಂದರೆ 217 ಕಿಲೋ. ಉಳಿದದ್ದು 223. 30 ಕಿಲೋದ ಹಿಚ್ ಸೇರಿಸಿ, ಉಪಕರಣವನ್ನು 100 ಮಿ.ಮೀ. ಹಿಂದೆ ತಳ್ಳಿದರೆ ಹಗುರಾಗುವುದು 248, ಉಳಿಯುವುದು 192. ಟ್ರ್ಯಾಕ್ಟರಿನ ಬರಿತೂಕದ ಶೇ 20ರಷ್ಟಾದರೂ ಮುಂದಿನ ಆಕ್ಸಲ್ ಮೇಲೆ ಇರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲಿ ಅದು 220. ಹಿಚ್ ಇಲ್ಲದೆ ಅಂಚಿನಲ್ಲಿ ಪಾಸಾಗಿದ್ದ ಜೋಡಿ ಈಗ ಫೇಲು. ಮೂತಿಯಲ್ಲಿ, ಮುಂದಿನ ಆಕ್ಸಲಿಗಿಂತ ಅರ್ಧ ಮೀಟರ್ ಮುಂದೆ, 25 ಕಿಲೋದ ವೆಯ್ಟ್ ಹಾಕಿದರೆ ಕೊರತೆ ತುಂಬುತ್ತದೆ. ಹಾಕದಿದ್ದರೆ ಸ್ಟೀರಿಂಗ್ ಹಗುರಾಗುತ್ತದೆ, ಏರಿನಲ್ಲಿ ಮೂತಿ ಮೇಲೇಳುತ್ತದೆ.

ಲಿಫ್ಟ್ ಸಾಮರ್ಥ್ಯವೂ ಅಷ್ಟೇ. ಪುಸ್ತಿಕೆಯಲ್ಲಿ ಬರೆದ ಅಂಕಿ ಬಾಲಿನ ತುದಿಯಲ್ಲಿ ಅಳೆದದ್ದೋ, ಅಲ್ಲಿಂದ 610 ಮಿ.ಮೀ. ಹಿಂದೆ ಅಳೆದದ್ದೋ ನೋಡಿಕೊಳ್ಳಿ. ಎರಡನೆಯದು ಯಾವಾಗಲೂ ಚಿಕ್ಕದು, ನಿಮಗೆ ಬೇಕಾದ್ದೂ ಅದೇ. ಅದರಿಂದ ಹಿಚ್ಚಿನ ತೂಕ ಕಳೆಯಿರಿ.

ಬಿಡಿಸುವುದು

ಮಟ್ಟಸ ಜಾಗ, ಹಲಗೆಯ ಮೇಲೆ ಇಳಿಸಿ, ಎಂಜಿನ್ ಆರಿಸಿ. ಮೊದಲು ಪಿಟಿಒ ಶಾಫ್ಟ್, ಹೈಡ್ರಾಲಿಕ್ ಹೋಸು, ವೈರು ಏನಿದ್ದರೂ ಬಿಡಿಸಿ. ಇದನ್ನು ಮರೆತು ಮುಂದೆ ಹೊರಟರೆ ಕಿತ್ತುಬರುವುದು ಹೋಸಿನ ಕಪ್ಲಿಂಗು. ಸ್ಟ್ಯಾಂಡ್ ಇಳಿಸಿ. ಲಾಕುಗಳನ್ನು ತೆರೆದು, ಲಿಂಕೇಜನ್ನು ಮೂರೂ ಪಿನ್ನುಗಳಿಂದ ಕೊಕ್ಕೆ ಕಳಚುವವರೆಗೆ ಇಳಿಸಿ, ನೇರವಾಗಿ ಮುಂದೆ ಹೋಗಿ. ಕೆಳಗಿನವು ಕಳಚಿ ಮೇಲಿನದು ಇನ್ನೂ ಪಿನ್ನಿನಲ್ಲಿರುವಾಗಲೇ ಟ್ರ್ಯಾಕ್ಟರ್ ಮುಂದೆ ಹೋದರೆ ಉಪಕರಣ ಮುಗ್ಗರಿಸುತ್ತದೆ. ಹಾಗಾಗಿ ಹೊರಡುವ ಮೊದಲು ಕಣ್ಣು ಮತ್ತೆ ಮೇಲಿನ ಕೊಕ್ಕೆಯ ಮೇಲೆ.

ಕೈಕೊಡುವುದು ಎಲ್ಲಿ

ಮೇಲಿನದು ಹಿಡಿಯಿತು, ಕೆಳಪಿನ್ನುಗಳು ಕೊಕ್ಕೆಯಿಂದ ದೂರ ಹಿಂದೆಯೇ ಉಳಿದವು: ಟಾಪ್ ಲಿಂಕನ್ನು ಗಿಡ್ಡ ಮಾಡಿ, ಚೌಕಟ್ಟಿನ ಬುಡ ಹಿಂದಕ್ಕೆ ಚಾಚುತ್ತದೆ. ಕೆಳಗಿನವು ಪಿನ್ನಿಗೆ ತಾಗುತ್ತಿವೆ, ಮೇಲಿನದು ಇನ್ನೂ ಪಿನ್ನಿನ ಮುಂದೆಯೇ ಇದೆ: ಉದ್ದ ಮಾಡಿ. ಪ್ರತಿ ಉಪಕರಣಕ್ಕೂ ಸರಿಹೊಂದುವ ಉದ್ದವನ್ನು ಟಾಪ್ ಲಿಂಕಿನ ತಿರುಪಿನ ಸುತ್ತುಗಳ ಮೇಲೆ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿಟ್ಟರೆ ಮುಂದಿನ ಸಲ ತಡಕಾಟವಿಲ್ಲ. ಸಿಕ್ಕಿಸಲು ಬದಲಿಸಿದ ಉದ್ದ ಕೆಲಸದ ಕೋನವನ್ನೂ ಬದಲಿಸಿರುತ್ತದೆ, ಹೊಲಕ್ಕೆ ಇಳಿಯುವ ಮೊದಲು ಕೆಲಸದ ಗುರುತಿಗೆ ತಿರುಗಿಸಿಕೊಳ್ಳಿ.

ಒಂದೇ ಬದಿ ಕೂರುತ್ತದೆ: ನೆಲ ಓರೆ, ಅಥವಾ ಬಲಗಡೆ ರಾಡ್ ಮಟ್ಟ ತಪ್ಪಿದೆ. ಎರಡೂ ಸರಿಯಿದ್ದು ಹೀಗಾಗುತ್ತಿದ್ದರೆ ಉಪಕರಣದ ಪಿನ್ನೇ ಬಾಗಿರಬಹುದು. ಎರಡು ಪಿನ್ನುಗಳ ಮೇಲೆ ನೇರ ಸಲಾಕೆ ಇಟ್ಟು ನೋಡಿದರೆ ತಿಳಿಯುತ್ತದೆ.

ಲಾಕ್ ಮುಚ್ಚುವುದಿಲ್ಲ: ಕೊಕ್ಕೆಯ ತಳದಲ್ಲಿ ಗಟ್ಟಿ ಮಣ್ಣು ಕೂತಿರುವುದೇ ಹೆಚ್ಚು. ಇಲ್ಲವೇ ಅಳತೆ ತಪ್ಪಿದ ಬುಶ್. ಕಾಲಿನಿಂದ ಒದ್ದು ಮುಚ್ಚಿದ ಲಾಕ್ ಮುಚ್ಚಿದಂತೆ ಕಾಣುತ್ತದೆ, ಅಷ್ಟೆ.

ಲಾಕ್ ತೆರೆಯುವುದಿಲ್ಲ: ಪಿನ್ನು ನಾಲಿಗೆಯನ್ನು ಒತ್ತುತ್ತಿದೆ. ಲಿಂಕೇಜನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿ, ಅಥವಾ ಟ್ರ್ಯಾಕ್ಟರನ್ನು ಬೆರಳಿನಷ್ಟು ಹಿಂದೆ ಸರಿಸಿ ಮತ್ತೆ ಪ್ರಯತ್ನಿಸಿ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಇದು ದಿನವೂ ಕಾಡುತ್ತದೆ.

ಖಾಲಿ ಓಡುವಾಗ ಕಟಕಟ ಸದ್ದು ಬರುವುದು ಸಹಜ, ಕೊಕ್ಕೆಗೂ ಬುಶ್ಶಿಗೂ ತುಸು ಸಡಿಲ ಇದ್ದೇ ಇರುತ್ತದೆ. ಸದ್ದು ದಿನೇ ದಿನೇ ಜೋರಾಗುತ್ತಿದ್ದರೆ ಬುಶ್ ಸವೆದಿದೆ. ಬುಶ್ಶನ್ನು ಬದಲಿಸಬಹುದು. ಅದನ್ನು ಬದಲಿಸದೆ ಎಳೆದರೆ ಮುಂದಿನ ಸರದಿ ಕೊಕ್ಕೆಯದು, ಆಗ ಇಡೀ ಚೌಕಟ್ಟೇ ಹೋಯಿತು.

ಲಾಕಿನ ಸ್ಪ್ರಿಂಗು ಮತ್ತು ಲಿವರಿನ ಕೀಲಿಗೆ ಆಗಾಗ ಎರಡು ಹನಿ ಎಣ್ಣೆ, ಟಾಪ್ ಲಿಂಕಿನ ತಿರುಪಿನ ಸುತ್ತುಗಳಿಗೆ ಗ್ರೀಸ್. ಕೊಕ್ಕೆಯ ಬಾಯಿಗೆ ಮಾತ್ರ ಗ್ರೀಸನ್ನು ದಪ್ಪಗೆ ಮೆತ್ತಬೇಡಿ, ಮಣ್ಣು ಅಂಟಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಚೌಕಟ್ಟಿನ ಮೂಲೆಗಳ ಬೆಸುಗೆಯನ್ನು ತೊಳೆದ ಮೇಲೆ ಬೆಳಕಿನಲ್ಲಿ ನೋಡಿ. ಬಣ್ಣದಲ್ಲಿ ಕೂದಲಿನಂಥ ಗೆರೆ, ಅದರ ಅಂಚಿನಲ್ಲಿ ತುಕ್ಕಿನ ಕಂದು ಇದ್ದರೆ ಅದು ಬಿರುಕು. ಬೆಸುಗೆ ಸರಿಪಡಿಸುವವರೆಗೆ ಆ ಹಿಚ್ಚನ್ನು ಕಳಚಿಟ್ಟು, ಪಿನ್ನು ಸುತ್ತಿಗೆಯ ಹಳೆಯ ದಾರಿಯಲ್ಲೇ ಉಪಕರಣ ಕಟ್ಟಿ.